ಹೊಳೆಯುವ ಪಾತ್ರೆ, ಬೇಯದ ಬೇಳೆ

ಈಗ ನಮ್ಮ ಬೀದಿಯಲ್ಲಿ ತಾರಸಿಗೊಂದು ಸೋಲಾರ್ ಹೀಟರ್ ಇದೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೆಂಗಳೂರಿನಿಂದ ಸೋಲಾರ್ ಕುಕ್ಕರ್ ಒಂದನ್ನು ಹೊತ್ತು ತಂದಾಗ, ಮೈಸೂರು ರೈಲಿನ ಅರ್ಧ ಬೋಗಿ ಅದನ್ನು ಮುಟ್ಟಿ ನೋಡಿತ್ತು. ಸೂಟ್‌ಕೇಸಿನಂಥ ಪೆಟ್ಟಿಗೆ, ಒಳಗೆ ಎರಡು ಪದರ ಗಾಜು, ಮುಚ್ಚಳಕ್ಕೆ ಕನ್ನಡಿ. ಎದುರಿನ ಸೀಟಿನ ಹಿರಿಯರೊಬ್ಬರು ಹಾರ್ಮೋನಿಯಂ ಎಂದುಕೊಂಡು, “ಒಂದು ದೇವರನಾಮ ಆಗ್ಲಿ ಮೇಡಂ, ಮದ್ದೂರು ಬರೋ ತನಕ” ಎಂದರು.

ನಾನಾಗ ಹುಡುಗಿಯರ ಹೈಸ್ಕೂಲಿನಲ್ಲಿ ಫಿಸಿಕ್ಸ್ ಟೀಚರ್. ಬೆಂಗಳೂರಿನಲ್ಲಿ ಇಡೀ ರಾಜ್ಯದ ಶಿಕ್ಷಕರಿಗೆಂದು ಮೂರು ದಿನದ ತರಬೇತಿ ನಡೆಸಿದ್ದರು. ಬಿಸಿಲು, ಗಾಳಿ, ಸಗಣಿ ಗ್ಯಾಸು, ಇವುಗಳಿಂದ ಏನೇನು ಮಾಡಬಹುದು, ಮಕ್ಕಳಿಗೆ ಹೇಗೆ ಹೇಳಿಕೊಡಬೇಕು ಎಂದು. ಕೊನೆಯ ದಿನ ಸ್ಕೂಲಿಗೊಂದು ಕುಕ್ಕರ್, ಜೊತೆಗೆ ಒಬ್ಬೊಬ್ಬರಿಗೂ ಇಂಗ್ಲಿಷ್ ಬುಕ್‌ಲೆಟ್ ಒಂದನ್ನು ಕೊಟ್ಟರು. ಅದರ ಹಿಂದಿನ ಪುಟದಲ್ಲಿ ಹಾಸ್ಟೆಲುಗಳಿಗೆ ಸಿಗುವ ಅನುದಾನದ ವಿವರವಿತ್ತು. ದೊಡ್ಡ ಕುಕ್ಕರುಗಳಿಗೂ ಸ್ನಾನದ ನೀರಿನ ಹೀಟರಿಗೂ ಅರ್ಧದಷ್ಟು ಹಣ ಸರ್ಕಾರದ್ದು. ಆದರೆ ಮೊದಲು ಅಧಿಕಾರಿಯೊಬ್ಬರು ಬಂದು, ತಮ್ಮ ಕಣ್ಣೆದುರು ಬಿಸಿಲಿನಲ್ಲಿ ಅನ್ನ ಬೇಳೆ ಬೇಯುವುದನ್ನು ನೋಡಬೇಕು. ನಾನು ಪೆನ್ಸಿಲಿನಲ್ಲಿ ಅಂಡರ್‌ಲೈನ್ ಮಾಡಿದ ಪುಟ ಅದೊಂದೇ.

ಯಾಕೆಂದರೆ ನನ್ನ ಮನಸ್ಸಿನಲ್ಲಿ ಒಂದು ಅಡುಗೆಮನೆಯಿತ್ತು. ಮೈಸೂರಿನ ಅಗ್ರಹಾರದಲ್ಲಿ ನಮ್ಮ ಸ್ಕೂಲಿನ ಹಿಂದಿನ ಓಣಿಯ ಹಳೇ ಮನೆಯೊಂದರಲ್ಲಿ ಹಳ್ಳಿಯ ಹುಡುಗಿಯರಿಗಾಗಿ ಒಂದು ಉಚಿತ ಹಾಸ್ಟೆಲ್ ಇತ್ತು. ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಸ್ಥರೊಬ್ಬರ ಟ್ರಸ್ಟ್ ಅದನ್ನು ನಡೆಸುತ್ತಿತ್ತು. ಮೂವತ್ತು ಚಿಲ್ಲರೆ ಹುಡುಗಿಯರು, ಎರಡು ಸೌದೆ ಒಲೆ, ಒಬ್ಬಳೇ ಅಡುಗೆಯಮ್ಮ. ಗಂಡ ತೀರಿಕೊಂಡ ಮೇಲೆ ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದವಳು. ಅಡುಗೆಮನೆಯ ಹಿಂದಿನ ಚಿಕ್ಕ ಕೋಣೆಯೇ ಅವಳ ಮನೆ. ಅವಳ ಕೆಮ್ಮು ನನ್ನ ಕ್ಲಾಸ್‌ರೂಮಿನ ಕಿಟಕಿಯವರೆಗೆ ಕೇಳುತ್ತಿತ್ತು. ಹೊಗೆಯ ಬಗ್ಗೆ ಓಣಿಯವರ ದೂರು ಬೇರೆ. ಕೊನೆಗೆ ಟ್ರಸ್ಟಿನ ಯಜಮಾನರು, ಯುಗಾದಿಯ ಮೀಟಿಂಗಿನಲ್ಲಿ ಅಡುಗೆಮನೆ ಮುಚ್ಚಿ ಯಾವುದಾದರೂ ಮೆಸ್ಸಿನಿಂದ ಊಟ ತರಿಸುವುದೆಂದು ತೀರ್ಮಾನ ಮಾಡುತ್ತೇವೆ ಎಂದರು.

“ಆಮೇಲೆ ನೀವೆಲ್ಲಿಗೆ ಹೋಗ್ತೀರಮ್ಮ?” ಎಂದು ನಾನು ಅವಳನ್ನು ಕೇಳಿದೆ.

“ಎಲ್ಲಿಗೋಗನ ಟೀಚರಮ್ಮ? ತಮ್ಮನ ಮನೇಲಿ ಒಂದು ಜಗಲಿ ಅದೆ. ಆ ಜಗಲಿಗೂ ಅವನೆಂಡ್ತಿ ಪರ್ಮಿಷನ್ ಬೇಕು.”

ನಾನು ಯಜಮಾನರ ಅಂಗಡಿಗೇ ಹೋದೆ. ಬೆಲ್ಲದ ಮೂಟೆಗಳ ನಡುವೆ ಹಣೆ ತುಂಬ ವಿಭೂತಿ ಧರಿಸಿ ಕುಳಿತಿದ್ದವರು ನನ್ನ ಬುಕ್‌ಲೆಟ್ಟನ್ನು ಗೌರವದಿಂದಲೇ ತಿರುವಿ ಹಾಕಿದರು. “ಬಿಸಿಲಲ್ಲಿ ಹಪ್ಪಳ ಒಣಗತ್ತೆ ಮೇಡಂ, ಒಪ್ಪಿದೆ. ಅನ್ನ ಬೇಯತ್ತೆ ಅಂತೀರಲ್ಲ, ಹಂಗಾದ್ರೆ ಬೀದೀಲಿ ಓಡಾಡೋ ನಮ್ಮ ತಲೆ ಯಾಕೆ ಬೆಂದಿಲ್ಲ?” ಎಂದು ನಕ್ಕರು. ಆದರೂ ಅರ್ಜಿಗೆ ಸಹಿ ಹಾಕಿದರು. “ಸರ್ಕಾರ ಕೊಟ್ರೆ ಉಳಿದರ್ಧ ಟ್ರಸ್ಟ್ ಹಾಕತ್ತೆ. ಕೊಡಲಿಲ್ವೋ, ನನ್ನ ಬೈಬೇಡಿ.”

ಸ್ಕೂಲಿನ ಹೆಸರಿನಲ್ಲಿ ಬಂದಿದ್ದ ಆ ಪೆಟ್ಟಿಗೆಯನ್ನು ನಾನು ಹಾಸ್ಟೆಲಿನ ತಾರಸಿಗೆ ಒಯ್ದೆ. ಅಡುಗೆಯಮ್ಮನಿಗೆ ಹೇಳಿಕೊಟ್ಟೆ: ಕನ್ನಡಿ ಸೂರ್ಯನ ಕಡೆಗಿರಲಿ, ಅರ್ಧ ಗಂಟೆಗೊಮ್ಮೆ ಪೆಟ್ಟಿಗೆ ತಿರುಗಿಸಿ, ನಡುವೆ ಗಾಜು ತೆಗೆಯಬೇಡಿ. ಜಾಣೆ, ಒಂದೇ ಸಲಕ್ಕೆ ಕಲಿತಳು. ಮೂರು ತಿಂಗಳು ದಿನವೂ ಒಂದಿಷ್ಟು ಅನ್ನವೋ ಬೇಳೆಯೋ ಅದರಲ್ಲಿ ಬೇಯುತ್ತಿತ್ತು. ಹುಡುಗಿಯರು ಅದಕ್ಕೆ “ಸೂರ್ಯಪ್ಪನ ಪಾಲು” ಎಂದು ಹೆಸರಿಟ್ಟರು. ಅಧಿಕಾರಿ ಶಿವರಾತ್ರಿ ಕಳೆದು ಎರಡು ವಾರಕ್ಕೆ ಬರುತ್ತಾರೆಂದು ಕಾಗದ ಬಂತು. I was so sure. ನನಗೆ ಹೆದರಿಕೆಯಿದ್ದದ್ದು ಮೋಡದ್ದು ಮಾತ್ರ.

ಆ ದಿನ ಮೋಡವೇನೂ ಇರಲಿಲ್ಲ. ಹತ್ತು ಗಂಟೆಗೆ ಅಧಿಕಾರಿ ಬಂದರು. ಇನ್ನೂ ನಲವತ್ತು ದಾಟದ, ಕಡಿಮೆ ಮಾತಿನ ಮನುಷ್ಯ. ಯಜಮಾನರು, ನಾನು, ಅವರು ತಾರಸಿಯ ಮೇಲೆ ನಿಂತೆವು. ಅಡುಗೆಯಮ್ಮ ಹೊಸ ಸೀರೆಯುಟ್ಟು ಪಾತ್ರೆಗಳನ್ನು ತಂದಳು.

ಪಾತ್ರೆಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು.

ಆ ಪೆಟ್ಟಿಗೆಯ ಜೊತೆ ಬಂದ ಪಾತ್ರೆಗಳಿಗೆ ಹೊರಗಡೆ, ಮುಚ್ಚಳಕ್ಕೂ ಸೇರಿ, ಕಪ್ಪು ಬಣ್ಣ ಬಳಿದಿತ್ತು. ಆ ಕಪ್ಪೇ ಬಿಸಿಲನ್ನು ಹೀರಿಕೊಳ್ಳುವುದು. ನಮ್ಮ ಕಡೆಯ ಯಾವ ಅಡುಗೆಯವಳೂ ಮಸಿ ಹಿಡಿದ ಪಾತ್ರೆಯನ್ನು ಅತಿಥಿಯ ಮುಂದಿಡುವುದಿಲ್ಲ. ಅದು ಮಾನದ ಪ್ರಶ್ನೆ. ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು ಅವಳು ಇಟ್ಟಿಗೆ ಪುಡಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದಳು. ನಾಲ್ಕು ಹುಡುಗಿಯರೂ ಕೈ ಸೇರಿಸಿದ್ದರು. ಒಂದು ಚೂರು ಕಪ್ಪು ಉಳಿದಿರಲಿಲ್ಲ.

ಆಗಲೇ ನಾನು ಬಾಯಿ ಬಿಡಬೇಕಿತ್ತು. “ಒಂದು ತಾಸು ಕಾಯಿರಿ ಸರ್” ಎಂದಿದ್ದರೆ ಅಗ್ರಹಾರದ ಅಂಗಡಿಯಿಂದ ಬಣ್ಣದ ಡಬ್ಬಿ ತರಿಸಬಹುದಿತ್ತು. ಅನ್ನಲಿಲ್ಲ. ಟ್ರೇನಿಂಗ್ ಆದವಳು ನಾನು, ಇಷ್ಟನ್ನೂ ಹೇಳಿಕೊಟ್ಟಿಲ್ಲವೆಂದು ಅವರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಇಂಥ ಬಿಸಿಲಿದೆ, ಹೇಗೋ ಬೆಂದೀತು ಎಂದು ಸುಮ್ಮನಾದೆ.

ಒಂದು ಗಂಟೆಗೆ ಗಾಜು ತೆಗೆದರು. ಅನ್ನ ನೆನೆದ ಅಕ್ಕಿಯಂತಿತ್ತು. ಅಧಿಕಾರಿ ಎರಡು ಬೇಳೆ ಬಾಯಿಗೆ ಹಾಕಿಕೊಂಡರು. ಕಟಕ್ ಎಂದದ್ದು ನಮಗೆಲ್ಲ ಕೇಳಿಸಿತು.

“ಮೇಡಂ,” ಎಂದರು ಮೆಲ್ಲಗೆ, “ನೀವೇ ಟ್ರೇನಿಂಗ್ ತಗೊಂಡೋರು. ಪಾತ್ರೆ ನೋಡ್ಲಿಲ್ವಾ?”

“ಪಾತ್ರೆಗೇನಾಯ್ತು ಸ್ವಾಮಿ?” ಎಂದಳು ಅಡುಗೆಯಮ್ಮ. “ದೊಡ್ಡೋರು ಬತ್ತಾರೆ ಅಂತ ಅಷ್ಟು ಉಜ್ಜಿವ್ನಿ. ಮೂರು ತಿಂಗಳಿಂದ ಆ ಮಸಿ ನೋಡಿ ನೋಡಿ ಕೈ ಕಡೀತಿತ್ತು.”

ಅವರು ವಿವರಿಸಿದರು. ಕಪ್ಪು ಬಿಸಿಲನ್ನು ಒಳಗೆ ತೆಗೆದುಕೊಳ್ಳುತ್ತದೆ, ಹೊಳಪು ಅದನ್ನು ವಾಪಸ್ ಕಳಿಸುತ್ತದೆ ಎಂದು. ಒಂದೇ ನಿಮಿಷದ ಮಾತು. ಆಕೆ ಅವರತ್ತ ನೋಡಲಿಲ್ಲ, ನನ್ನತ್ತ ತಿರುಗಿದಳು.

“ಇದು ನಿಮಗೆ ಗೊತ್ತಿತ್ತಾ ಟೀಚರಮ್ಮ?”

“ಗೊತ್ತಿತ್ತು.”

“ಮತ್ಯಾಕೆ ಯೋಳ್ಲಿಲ್ಲ? ಯೋಳಿದ್ರೆ ನಾನು ಉಜ್ತಿದ್ನಾ? ಇವಳಿಗೆಲ್ಲಿ ಅರ್ತ ಆದಾದು ಅಂದ್ಕಂಡ್ರಾ?”

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿಸುತ್ತಿದ್ದರು, “Don't skip, child” ಎನ್ನುತ್ತ. ಪಾತ್ರೆಯನ್ನು ಕಪ್ಪಾಗಿಯೇ ಇಡಬೇಕೆಂಬ ಸಾಲು ಬುಕ್‌ಲೆಟ್ಟಿನಲ್ಲಿ ಇತ್ತು. ಓದಿದ್ದೆ. ಪಾತ್ರೆ ಕಪ್ಪಾಗಿಯೇ ಬಂದಿದೆಯಲ್ಲ, ಅಡುಗೆಯವಳಿಗೆ ಇದೆಲ್ಲ ಯಾಕೆ ಎಂದು ಬಿಟ್ಟಿದ್ದೆ. ಅದೇ ಪಾಠವನ್ನು ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು, ಎರಡು ಪೀರಿಯಡ್ ತೆಗೆದುಕೊಂಡು ಹೇಳಿದ್ದೆ. ಅವಳಿಗೆ ಏನು ಮಾಡಬೇಕೆಂದು ಹೇಳಿದ್ದೆನೇ ಹೊರತು ಯಾಕೆಂದು ಹೇಳಿರಲಿಲ್ಲ.

ಯಜಮಾನರು ಗಂಟಲು ಸರಿಮಾಡಿಕೊಂಡು, “ಆಯ್ತಲ್ಲ, ಬಿಡಿ ಮೇಡಂ” ಎಂದರು. ಅಧಿಕಾರಿ ಫಾರ್ಮಿನಲ್ಲಿ ‘ಬೆಂದಿಲ್ಲ’ ಎಂದು ಬರೆಯುತ್ತಿದ್ದರು. ನಾನು ಅವರ ಹಿಂದೆ ಮೆಟ್ಟಿಲಿಳಿದೆ.

“ಸರ್, ತಪ್ಪು ಕುಕ್ಕರಿನದಲ್ಲ, ಅವರದೂ ಅಲ್ಲ. ನನ್ನದು. ಅದನ್ನೇ ನಿಮ್ಮ ಫಾರ್ಮಿನಲ್ಲಿ ಬರೀರಿ. ಇನ್ನೊಂದು ಸಲ ಬನ್ನಿ.”

“ಮಾರ್ಚ್ ಮುಗಿಯೋದರೊಳಗೆ ಫೈಲ್ ಮುಗಿಸ್ಬೇಕು ಮೇಡಂ.”

“ಮಾರ್ಚ್ ಇನ್ನೂ ಮುಗಿದಿಲ್ಲವಲ್ಲ.”

ಅವರು ಡೈರಿ ತೆಗೆದರು. ಹೂಟಗಳ್ಳಿಯ ಫ್ಯಾಕ್ಟರಿಯೊಂದರ ಹೀಟರ್ ನೋಡಲು ಎರಡು ವಾರದ ಮೇಲೆ ಬರುವುದಿತ್ತು. ಬೆಳಿಗ್ಗೆ ಇಲ್ಲಿಗೆ ಬಂದು ಮಧ್ಯಾಹ್ನ ಅಲ್ಲಿಗೆ ಹೋಗುತ್ತೇನೆ ಎಂದರು. ಯುಗಾದಿಯ ಮೀಟಿಂಗಿಗೆ ಮೂರು ದಿನ ಮೊದಲು. ನಾನು ಆ ದಿನವನ್ನು ಕೈಮೇಲೆ ಬರೆದುಕೊಂಡೆ, ಸ್ಕೂಲು ಹುಡುಗಿಯ ಹಾಗೆ.

ಮಾರನೆಯ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಬೋರ್ಡಿಗೆ ಬಳಿಯುವ ಕಪ್ಪು ಬಣ್ಣದ ಡಬ್ಬಿ ಹಿಡಿದು ಹಾಸ್ಟೆಲಿಗೆ ಹೋದೆ. ಅಡುಗೆಯಮ್ಮ ಒಂದು ಲೋಟ ಕಾಫಿಯನ್ನು ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

“ಪಾತ್ರೆ ಆಮೇಲೆ,” ಎಂದೆ. “ಮೊದಲು ಎರಡು ಡಬ್ಬಿ ಕೊಡಿ.”

ಒಂದೇ ಅಳತೆಯ ಎರಡು ತಗಡಿನ ಡಬ್ಬಿ ತಂದಳು. ಒಂದಕ್ಕೆ ಬಣ್ಣ ಬಳಿದು ಒಣಗಿಸಿದೆವು, ಇನ್ನೊಂದನ್ನು ಹಾಗೆಯೇ ಬಿಟ್ಟೆವು. ಮರುದಿನ ಭಾನುವಾರ ಎರಡಕ್ಕೂ ಸಮ ನೀರು ತುಂಬಿ ತಾರಸಿಯಲ್ಲಿಟ್ಟೆವು. ಒಂದು ಗಂಟೆ ಬಿಟ್ಟು, “ಬೆರಳಿಡಿ” ಎಂದೆ. ಬಣ್ಣ ಬಳಿಯದ್ದರಲ್ಲಿ ಇಟ್ಟಳು, ಉಗುರುಬೆಚ್ಚಗಿತ್ತು. ಕರಿಯದರಲ್ಲಿ ಇಟ್ಟವಳು ಚಕ್ಕನೆ ಕೈ ತೆಗೆದಳು.

“ಇದಾ?” ಎಂದಳು. “ಇದು ನಂಗೆ ಗೊತ್ತಿಲ್ದೇ ಇದ್ದದ್ದೇನಲ್ಲ ಬುಡಿ. ನಮ್ಮೂರಲ್ಲಿ ಮಟಮಟ ಮಧ್ಯಾನ ಬಿಳೀ ಹಸ ಬಿಸ್ಲಲ್ಲೇ ಮೇಯ್ತಿರ್ತದೆ. ಕರೀ ಎಮ್ಮೆ ತಡೀನಾರದೆ ಕೆರೆಗೆ ಬಿದ್ಬುಡ್ತದೆ. ಎಮ್ಮೆ ಬಿಸ್ಲು ಕುಡೀತದೆ. ಅಂಗೇ ಅಲ್ವಾ?”

ಎರಡು ಪೀರಿಯಡ್ ಪಾಠ ಮಾಡಿದ್ದ ನನಗೆ ಎಮ್ಮೆ ಹೊಳೆದಿರಲಿಲ್ಲ.

ಆಮೇಲೆ ಅವಳ ಪ್ರಶ್ನೆಗಳು ನಿಲ್ಲಲಿಲ್ಲ. ಗಾಜು ಯಾಕೆ ಎರಡು? ನಡುವೆ ಗಾಳಿ ನಿಂತಿರುತ್ತದೆ, ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ ಎಂದೆ. “ಚಳೀಲಿ ಎರಡು ಸೆರಗು ಹೊದ್ದಂಗೆ,” ಎಂದಳು. ನೀರು ಯಾಕೆ ಕಮ್ಮಿ? ಮುಚ್ಚಿಟ್ಟ ಪೆಟ್ಟಿಗೆಯಿಂದ ಹಬೆ ಹೊರಗೆ ಹೋಗುವುದಿಲ್ಲವಲ್ಲ ಎಂದೆ. ಬೇಳೆ ನೆನೆಸಿಟ್ಟರೆ ಬೇಗ ಆಗುವುದಿಲ್ಲವೇ? ಅದನ್ನು ಬುಕ್‌ಲೆಟ್ ಹೇಳಿರಲಿಲ್ಲ. ನೆನೆಸಿ ನೋಡಿದೆವು, ಬೇಗ ಆಯಿತು. ಬುಕ್‌ಲೆಟ್ಟಿನ ಅಂಚಿನಲ್ಲಿ ನಾನು ಅದನ್ನು ಬರೆದಿಟ್ಟೆ.

ಪಾತ್ರೆಗಳಿಗೆ ಬಣ್ಣ ಹಚ್ಚುವ ಹೊತ್ತಿಗೆ ಬ್ರಷ್ ಅವಳ ಕೈಯಲ್ಲಿ ನಿಂತಿತು. “ಇಷ್ಟು ಚಂದ ಬೆಳಗಿರೋ ಪಾತ್ರೆಗೆ ನನ್ನ ಕೈಯಾರೆ ಮಸಿ ಬಳೀಬೇಕಲ್ಲ,” ಎಂದಳು. ನಾನು ಬ್ರಷ್ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ಕಣ್ಣು ಕಿರಿದು ಮಾಡಿ, ಗೋಡೆಗೆ ಸುಣ್ಣ ಹೊಡೆದಷ್ಟೇ ಅಚ್ಚುಕಟ್ಟಾಗಿ ಬಳಿದಳು.

ಎರಡನೆಯ ಸಲದ ಆ ಬೆಳಿಗ್ಗೆ ತೆಳು ಮೋಡವಿತ್ತು. ನಾನು ತಾರಸಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಅಡುಗೆಯಮ್ಮ ತಾರಸಿಯಲ್ಲಿ ತನ್ನ ಕೈಯನ್ನು ನೆಲದ ಮೇಲೆ ಅಡ್ಡ ಹಿಡಿದು ನೋಡಿ, “ನೆಳ್ಳು ಬೀಳ್ತದೆ. ನೆಳ್ಳು ಬಿದ್ರೆ ಸಾಕು. ನೀವು ಕೂತ್ಕಳಿ,” ಎಂದಳು. ಅಧಿಕಾರಿ ಬಂದರು, ಪಾತ್ರೆ ನೋಡಿ ತಲೆಯಾಡಿಸಿದರು. ಯಜಮಾನರು ಛತ್ರಿ ಬಿಡಿಸಿ ನಿಂತರು.

“ಯಜಮಾನ್ರೇ, ಈ ಕಡೀಕೆ ಬನ್ನಿ, ನಿಮ್ಮ ಛತ್ರಿ ನೆಳ್ಳು ಪೆಟ್ಗೆ ಮೇಲೆ ಬೀಳ್ತಾ ಅದೆ,” ಎಂದು ಅವಳು ಅವರನ್ನೇ ಸರಿಸಿದಳು.

ಹನ್ನೆರಡಕ್ಕೆ ಅಧಿಕಾರಿ ಬಗ್ಗಿ ಗಾಜಿಗೆ ಕೈಹಾಕಿದರು.

“ತೆಗೀಬ್ಯಾಡಿ ಸ್ವಾಮಿ! ಬಿಸಿ ಓಡೋಯ್ತದೆ. ಬಾಣಂತಿ ಕೋಣೆ ಬಾಗ್ಲು ಅಂಗೆ ತೆಗೀತಾರಾ ಯಾರಾದ್ರೂ?”

ಅವರು ಕೈ ಹಿಂದೆಗೆದುಕೊಂಡರು. ಯಜಮಾನರು ಛತ್ರಿಯೊಳಗೆ ನಗು ಅಡಗಿಸಿದರು. ಅಧಿಕಾರಿ ನನ್ನತ್ತ ತಿರುಗಿ, “ಈ ಸಲ ಯಾಕೆ ಕಪ್ಪು, ಹೇಳಿ ಮೇಡಂ” ಎಂದರು, ಪರೀಕ್ಷೆ ಮಾಡುವವರ ಹಾಗೆ.

“ಅವರನ್ನು ಕೇಳಿ,” ಎಂದೆ.

ಅವಳು ಎಮ್ಮೆಯಿಂದ ಶುರು ಮಾಡಿ, ಎರಡು ಸೆರಗಿನವರೆಗೆ, ನೆನೆಸಿದ ಬೇಳೆಯವರೆಗೆ ಹೇಳಿದಳು. ಹೇಳುತ್ತ ಹೇಳುತ್ತಲೇ ಪೆಟ್ಟಿಗೆಯನ್ನು ಒಂದು ಗೇಣು ತಿರುಗಿಸಿದಳು. ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು. ಎಮ್ಮೆಯನ್ನೂ ಬರೆದುಕೊಂಡರೋ ಇಲ್ಲವೋ ನನಗೆ ತಿಳಿಯದು.

ಒಂದೂಕಾಲಿಗೆ ಗಾಜು ತೆಗೆದಳು. ಹಬೆ ಮುಖಕ್ಕೆ ಹೊಡೆಯಿತು. ಅಧಿಕಾರಿ ಬೇಳೆಯನ್ನು ಬೆರಳ ನಡುವೆ ಒತ್ತಿದರು, ಅದು ಹಿಟ್ಟಾಯಿತು. ಅನ್ನದ ಅಗುಳನ್ನೂ ಒತ್ತಿದರು. ಫಾರ್ಮಿನಲ್ಲಿ ತರಬೇತಿ ಪಡೆದ ನಿರ್ವಾಹಕರು ಯಾರು ಎಂಬ ಜಾಗದಲ್ಲಿ ಮೊದಲು ನನ್ನ ಹೆಸರಿತ್ತು. ನಾನು ಹೇಳಿದ್ದಕ್ಕೆ ಅದನ್ನು ಹೊಡೆದುಹಾಕಿ ಅವಳ ಹೆಸರು ಬರೆದರು. ಅವಳು ಹೆಬ್ಬೆಟ್ಟು ಒತ್ತಿದಳು.

ಅಧಿಕಾರಿ ಹೂಟಗಳ್ಳಿಗೆ ಹೊರಟ ಮೇಲೆ ಯಜಮಾನರು ಛತ್ರಿ ಮಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಪ್ಪಾದ ಸೂರನ್ನೂ ಹಿಂದಿನ ಕೋಣೆಯ ಚಿಲಕವನ್ನೂ ನೋಡಿದರು.

“ಮೆಸ್ಸಿನವನಿಗೆ ಬರಬೇಡ ಅಂತ ಹೇಳ್ಬುಡ್ತೀನಿ,” ಎಂದರು. “ಸ್ಯಾಂಕ್ಷನ್ ಬರೋ ತನಕ ಹಿಂಗೇ ನಡೀಲಿ. ನೀನಿಲ್ಲೇ ಇರಮ್ಮ.”

ಆ ಸ್ಯಾಂಕ್ಷನ್ ಪತ್ರಕ್ಕಾಗಿ ನಾನು ನಾಲ್ಕು ಸಲ ಬೆಂಗಳೂರಿಗೆ ಹೋದದ್ದು, ಕುಕ್ಕರುಗಳು ಸರಿಯಾಗಿ ಆಷಾಢದ ಮಳೆಯಲ್ಲೇ ಬಂದಿಳಿದದ್ದು, ಮರುವರ್ಷ ಸ್ನಾನದ ನೀರಿಗೆ ಹೀಟರ್ ಬಂದು ಸೌದೆ ಗಾಡಿ ವಾರಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ ಬರತೊಡಗಿದ್ದು, ಎಲ್ಲ ಆಮೇಲಿನ ಮಾತು. ಅವಳ ಕೆಮ್ಮು ಪೂರ್ತಿ ಹೋಗಲಿಲ್ಲ, ಕಮ್ಮಿಯಾಯಿತು. ಆದರೆ ಆ ಕೋಣೆಯಿಂದ ಅವಳನ್ನು ಯಾರೂ ಏಳಿಸಲಿಲ್ಲ.

ಆ ಮಧ್ಯಾಹ್ನ ಯಜಮಾನರ ಮಾತು ಕೇಳಿ ಅವಳು ಕೈಮುಗಿದಳು. ಅಳುತ್ತಾಳೇನೋ ಎಂದುಕೊಂಡು ನಾನು ಹತ್ತಿರ ಹೋದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗೂಡಿನಿಂದ ಡಬ್ಬವೊಂದನ್ನು ಇಳಿಸಿದಳು.

“ಅಂಗಾದ್ರೆ ನಾಳೀಕೆ ಕಡ್ಲೆಕಾಳು ನೆನೆ ಹಾಕ್ಬುಡನ ಟೀಚರಮ್ಮ. ಅದೂ ಬೆಂದಾದಾ ಏನೋ, ನೋಡೇಬುಡನ.”