ಮುಂದಿನ ಸೀಟಿನ ಕಾವಲು

ಚಿನ್ನಿ, ಗುಂಡ್ಯಾ, ಸಂಜೆ ನಿಮ್ಮವ್ವ ಬಾಡಿಗೆಗೆ ಕಾರು ತೆಗೆದಾಗ ನಾನೂ ಜೊತೆಗೆ ಹೋಗುತ್ತೇನೆ ಎಂಬುದಷ್ಟೇ ನಿಮಗೆ ಗೊತ್ತು. ‘ಅಜ್ಜಿ ಒಬ್ಬಾಕೀನ ಕಾರಿನ್ಯಾಗ ತಿರಗತಾಳ’ ಎಂದು ಬಾಗಿಲಲ್ಲಿ ಮುಖ ಉಬ್ಬಿಸಿ ನಿಲ್ಲುತ್ತೀರಿ. ನಾನು ತಿರುಗಾಡಲು ಹೋದವಳಲ್ಲ. ಏಕೆ ಹೋದೆ ಎಂಬುದನ್ನು ಬಾಯಿಬಿಟ್ಟು ಹೇಳಲು ನನಗೆ ಬಾರದು. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗ ತಿಳಿಯದಿದ್ದರೆ ದೊಡ್ಡವರಾದ ಮೇಲೆ ಮತ್ತೊಮ್ಮೆ ಓದಿರಿ.

ಆ ಕಾರು ಮೊದಲು ನಿಮ್ಮ ಸೋದರಮಾವನದು. ಅವನು ಬಾಡಿಗೆ ಹೊಡೆಯುವುದು ಬಿಟ್ಟು ಅಂಗಡಿ ಹಾಕಿದ ಮೇಲೆ ತಂಗಿಗೆ ಕೊಟ್ಟುಬಿಟ್ಟ. ತವರಿನಿಂದ ಸೀರೆ ಕುಪ್ಪಸ ಬರುವುದನ್ನು ಕಂಡಿದ್ದೆ, ಹಳದಿ ಬೋರ್ಡಿನ ಕಾರು ಬಂದದ್ದನ್ನು ಕಂಡಿರಲಿಲ್ಲ. ಪುಕ್ಕಟೆ ಬಂದದ್ದರ ಹಿಂದೆ ಏನೋ ಇರುತ್ತದೆ ಎಂದು ಅಂದೇ ಅನಿಸಿತು.

ಕೆಲಸವೂ ಅಂಥದೇ. ಹಾಜರಿ ಇಲ್ಲ, ಮೇಸ್ತ್ರಿ ಇಲ್ಲ. ಫೋನಿನಲ್ಲಿ ಬಾಡಿಗೆ ಕಂಪನಿಯ ಗುಂಡಿ ಒತ್ತಿದರೆ ಕೆಲಸ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್. ನಿಮ್ಮವ್ವ ಹೊಲಿಗೆ ಮುಗಿಸಿ, ನಿಮ್ಮ ಕೈಗೆ ತಿನ್ನಲು ಕೊಟ್ಟು, ಬೇಕೆನಿಸಿದಾಗ ಹೊರಡಬಹುದು. ಬೇಡವೆಂದರೆ ಮನೆಯಲ್ಲೇ ಇರಬಹುದು. ಕಳೆ ತೆಗೆಯಲು ಕರೆದವರೂ ಹೊತ್ತು ಮೂಡುವ ಮೊದಲೇ ಬಾ ಅನ್ನುತ್ತಿದ್ದ ಕಾಲದವಳು ನಾನು. ನಿನಗೆ ಅನುಕೂಲವಾದಾಗ ಬಾ ಎನ್ನುವ ಧಣಿಯನ್ನು ಹೇಗೆ ನಂಬಲಿ?

ನಿಮ್ಮಪ್ಪ ರಾಯಾಪುರದ ಗೋದಾಮಿನಿಂದ ಬಂದು ಕಾಲು ತೊಳೆಯುತ್ತ, “ನಡಸ್ಲಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಅವ್ವ ಸಂಗಾಟ ಕುಂದರಬೇಕು. ಅವ್ವ ಇಲ್ಲಂದ್ರ ಕಾರು ಹೊರಗ ಬೀಳಂಗಿಲ್ಲ” ಅಂದ. ನಿಮ್ಮವ್ವನಿಗೆ ಕೊಟ್ಟ ಕಾರಣ, ಕಾಲ ಕೆಟ್ಟಿದೆ, ಜೋಡಿಗೆ ಒಬ್ಬರಿರಲಿ ಎಂಬುದು. ಅವಳು ಒಳಗೆ ಹೋದ ಮೇಲೆ ನನ್ನ ಹತ್ತಿರ ಬಗ್ಗಿ, “ಯಾರ್ಯಾರ ಹತ್ತತಾರ, ಏನೇನ ಮಾತಾಡ್ತಾರ, ಸ್ವಲ್ಪ ಲಕ್ಷ್ಯ ಇಡಬೇ” ಅಂದ. ನನಗೂ ಅದೇ ಬೇಕಾಗಿತ್ತು.

ಹೀಗೆ ನಾನು ಮುಂದಿನ ಸೀಟಿನಲ್ಲಿ ಕುಳಿತೆ. ನಿಮ್ಮವ್ವ ಬೆನ್ನಿಗೆ ದಿಂಬು ಕೊಟ್ಟಳು. ಏಕೆ ಇಷ್ಟು ಉಪಚಾರ ಎಂದು ಅದನ್ನೂ ಅನುಮಾನಿಸಿದೆ. ಬಿಸಿಲಿಗೆ ಅಡ್ಡ ಇಳಿಸುವ ಹಲಗೆಯ ಬೆನ್ನಿಗೆ ಪುಟ್ಟ ಕನ್ನಡಿ ಇರುವುದು ತಿಳಿದ ಮೇಲೆ ಅದನ್ನು ಇಳಿಸಿಯೇ ಇಡುತ್ತಿದ್ದೆ. ಹಿಂದೆ ಕುಳಿತವರು ಅದರಲ್ಲಿ ಕಾಣುತ್ತಿದ್ದರು. ಒಬ್ಬ ಬೂಟು ಹಾಕಿದವನು ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೆ ಅಪ್ಪಿ ಹಿಡಿದಿದ್ದ. ಏನಿತ್ತೋ. ಇಬ್ಬರು ಗಂಡ ಹೆಂಡಿರಂತೆ ಹತ್ತಿ, ಬೇರೆ ಬೇರೆ ಬಾಗಿಲಿನಿಂದ ಇಳಿದು, ಬೇರೆ ಬೇರೆ ದಿಕ್ಕಿಗೆ ನಡೆದರು.

“ಅತ್ತೀ, ಹೊತ್ತು ಮುಣಗೇತ್ರಿ. ಹಲಗಿ ಎತ್ತಲೇನ್ರಿ?” ಎಂದಳು ಒಂದು ಸಂಜೆ ನಿಮ್ಮವ್ವ.

“ಇರಲಿ ಬಿಡ.”

“ಇವತ್ತ ನಿಮ್ಮ ಮಗಗ ಏನಂತ ವರದಿ ಕೊಡ್ತೀರಿ?”

ರಸ್ತೆಯ ಮೇಲಿಂದ ಕಣ್ಣು ತೆಗೆಯದೆಯೇ ಕೇಳಿದಳು. ಅವಳಿಗೆ ಮೊದಲಿನಿಂದ ಗೊತ್ತಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ಗಂಡಸರು ಹತ್ತಿದರೆ ನನಗೆ ಮಾತೇ ಹೊರಡದು. ಹೆಂಗಸರಾದರೆ ಧೈರ್ಯ ಮಾಡಿ ಒಂದೆರಡು ಕೇಳುತ್ತಿದ್ದೆ. ನಮ್ಮೂರಿನ ಕಟ್ಟೆಯ ಮೇಲೆ ಗುರುತಿಲ್ಲದವರು ಬಂದು ಕುಳಿತರೆ ಮೊದಲು ನೀರು ಕೊಡುತ್ತಿದ್ದರು, ಆಮೇಲೆ ಯಾವೂರು, ಯಾರ ಮನೆ, ಮನೆಯಲ್ಲಿ ಯಾರ್ಯಾರು ಎಂದು ಎಲ್ಲಾ ಕೇಳುತ್ತಿದ್ದರು. ನಾಲ್ಕು ಮಾತಿನಲ್ಲಿ ಯಾರಾದರೊಬ್ಬ ಬೀಗರ ಹೆಸರು ಬಂದೇ ಬರುತ್ತಿತ್ತು. ಬಂದರೆ ಅನುಮಾನ ಹೋಗುತ್ತಿತ್ತು. ನನಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಒಬ್ಬ ಹುಡುಗಿ ಹತ್ತಿದಳು. ಕೊರಳಲ್ಲಿ ಹೊಸ ತಾಳಿ, ಕೈಯಲ್ಲಿ ದೊಡ್ಡ ಸೂಟ್‌ಕೇಸು. ಕಳಿಸಲು ಯಾರೂ ಬಾಗಿಲಿಗೆ ಬಂದಿರಲಿಲ್ಲ. ರೈಲು ಸ್ಟೇಷನ್ನಿಗೆ ಹೋಗಬೇಕಿತ್ತು. ಕನ್ನಡಿಯಲ್ಲಿ ನೋಡಿದರೆ ಮೂಗು, ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಗಂಡನ ಮನೆಯಿಂದ ಹೇಳದೆ ಹೊರಟವಳು ಎಂದು ಲೆಕ್ಕ ಹಾಕಿದೆ. ನಾಳೆ ಅವಳ ಮನೆಯವರು ಹುಡುಕಿಕೊಂಡು ಬಂದರೆ ಕೂರಿಸಿಕೊಂಡು ಹೋದವಳು ಯಾರು? ನಮ್ಮ ಸೊಸೆ.

“ಒಬ್ಬಾಕೀನ ಹೊಂಟೀಯೇನವ್ವ?” ಎಂದೆ.

“ಹ್ಞೂಂ ರಿ.”

“ಮನ್ಯಾಗ ಯಾರ್ಯಾರ ಅದೀರಿ?”

“ನಾವಿಬ್ರ ರಿ.”

“ಯಜಮಾನ್ರ ಎಲ್ಲಿ?”

“ಊರಿಗೆ ಹೋಗ್ಯಾರ್ರಿ.”

“ಹಂಗಾರ ಮನಿ ಕೀಲಿ ಹಾಕಿ ಬಂದಿ. ಕೀಲಿ ಯಾರ ಕಡೆ ಕೊಟ್ಟಿ? ಯಾವಾಗ ತಿರುಗಿ ಬರ್ತೀರಿ?”

ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಿಮ್ಮವ್ವ ಗೇರಿನ ಮೇಲಿದ್ದ ಕೈಯಿಂದ ನನ್ನ ಮೊಣಕಾಲು ಮೆಲ್ಲಗೆ ಒತ್ತಿದಳು. ಉತ್ತರ ಕೊಡದ್ದು ನೋಡಿ ನನ್ನ ಅನುಮಾನ ಗಟ್ಟಿಯಾಯಿತು. ಆ ಹುಡುಗಿಗೆ ನೆಗಡಿ ಆಗಿದ್ದಿರಬಹುದು ಎಂಬ ಯೋಚನೆ ಬಂದದ್ದು ಬಹಳ ದಿನದ ಮೇಲೆ.

ಮರುದಿನ ಫೋನು ಒತ್ತಿದರೆ ಕೆಲಸ ಚಾಲೂ ಆಗಲಿಲ್ಲ. ಆಫೀಸಿಗೆ ಬಂದು ಕಾಣಬೇಕೆಂದು ಬರೆದಿತ್ತು. ನಾನೂ ಹೋದೆ. ಮೇಜಿನ ಹಿಂದಿದ್ದ ತರುಣ ಆ ಹುಡುಗಿಯ ತಕರಾರನ್ನು ಓದಿ ಹೇಳಿದ: ಮುಂದಿನ ಸೀಟಿನ ಮುದುಕಿ ಮನೆಯಲ್ಲಿ ಯಾರಿದ್ದಾರೆ, ಕೀಲಿ ಎಲ್ಲಿದೆ, ಯಾವಾಗ ಬರುತ್ತೀರಿ ಎಂದೆಲ್ಲ ಕೇಳಿದಳು, ಬರುವಷ್ಟರಲ್ಲಿ ಮನೆ ಕಳುವಾದರೆ ಯಾರು ಜವಾಬ್ದಾರಿ?

ನಾನು ಅವಳನ್ನು ಓಡಿಹೋಗುವವಳು ಅಂದುಕೊಂಡಿದ್ದೆ, ಅವಳು ನನ್ನನ್ನು ಕಳ್ಳರ ಕಡೆಯವಳು ಅಂದುಕೊಂಡಿದ್ದಳು.

“ಯಾರ್ರಿ ಅವ್ರು?” ಎಂದ ತರುಣ.

“ಇವ್ರ ರಿ. ನಮ್ಮತ್ತಿ. ಕಾವಲಿಗೆ ಬರ್ತಾರ.”

ಅವನು ನನ್ನನ್ನು ನೋಡಿ, “ಯಾರ ಕಾವಲಿಗ್ರಿ ಅಜ್ಜಿ? ಪ್ಯಾಸೆಂಜರ್‌ದೋ, ಸೊಸಿದೋ?” ಎಂದ.

ನಿಮ್ಮವ್ವ ಮುಂದೆ ಬಂದು, “ಅವ್ರದೇನ ತಪ್ಪಿಲ್ರಿ. ನಾನ ಕೂರಿಸಿಕೊಂಡಿದ್ದೆ” ಅಂದಳು. ಅವನು ಒಂದು ಸಲ ಬಿಟ್ಟೆ ಎಂದ. ಇನ್ನೊಮ್ಮೆ ಕಾರಿನಲ್ಲಿ ಬೇರೆ ಯಾರಾದರೂ ಕಂಡರೆ ಕಾಯಂ ಬಂದ್.

ತಿರುಗಿ ಬರುವಾಗ ಅದನ್ನೇ ಲೆಕ್ಕ ಹಾಕಿದೆ. ನಾನು ಕೂತರೆ ಕಂಪನಿ ಬಿಡುವುದಿಲ್ಲ, ಕೂರದಿದ್ದರೆ ನಿಮ್ಮಪ್ಪ ಬಿಡುವುದಿಲ್ಲ. ತಪ್ಪನ್ನು ನನ್ನ ಮೇಲೆ ಹಾಕಿ ಅವಳು ಪಾರಾಗಬಹುದಿತ್ತು. ಏಕೆ ಹಾಕಲಿಲ್ಲ ಎಂದು ಅದರ ಹಿಂದೆಯೂ ಏನೋ ಹುಡುಕುತ್ತ ಕುಳಿತೆ. ಸಿಗಲಿಲ್ಲ. ಸ್ಟೇರಿಂಗ್ ಹಿಡಿದ ಅವಳ ಕೈ ಮಾತ್ರ ಕಂಡಿತು. ದಿನವೂ ಸಂಜೆ ಬೆರಳು ಅದರ ಮೇಲೆ ಸಣ್ಣಗೆ ತಾಳ ಹಾಕುತ್ತಿದ್ದವು. ಅಂದು ಹಾಕುತ್ತಿರಲಿಲ್ಲ.

“ನಾಳೆಯಿಂದ ನನ್ನ ಕಮರಿಪೇಟ್ಯಾಗ ಇಳಸ” ಎಂದೆ.

“ಯಾಕ್ರಿ?”

“ಮನಿಯಿಂದ ಇಬ್ರೂ ಹೊಂಡೂದು. ಮನಿಗೆ ಇಬ್ರೂ ಬರೂದು. ನಡುವ ಯಾರ ನೋಡ್ತಾರ?”

ಅವಳು ಕಾರನ್ನು ಬದಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ಈ ಸಲ ಅನುಮಾನ ಅವಳದು.

ಕಮರಿಪೇಟೆಯಲ್ಲಿ ನನ್ನ ಜೊತೆ ಊರ ಶಾಲೆಯಲ್ಲಿ ಕಲಿತ ಗೆಳತಿ ಹಪ್ಪಳ ಮಾಡಿ ಮಾರುತ್ತಾಳೆ. “ಬಂದ್ಲ ನೋಡ ಕಾವಲಗಾರ್ತಿ. ಕುಂಡ್ರ, ಲಟ್ಟಣಿಗಿ ಹಿಡಿ. ಪುಕ್ಕಟೆ ಚಹಾ ಇಲ್ಲಿ ಸಿಗಂಗಿಲ್ಲ” ಎಂದು ದಿನವೂ ಅನ್ನುತ್ತಾಳೆ. ನಾನು ಲಟ್ಟಿಸುತ್ತೇನೆ. ಕೆಲಸ ಬಂದ್ ಮಾಡಿದ ಮೇಲೆ ನಿಮ್ಮವ್ವ ಬಂದು ಕರೆದುಕೊಳ್ಳುತ್ತಾಳೆ. ಯಾರು ಹತ್ತಿದರು, ಯಾರು ಎಲ್ಲಿ ಇಳಿದರು ಎಂದು ದಾರಿಯಲ್ಲಿ ಹೇಳುತ್ತಾಳೆ. ಅದನ್ನೇ ನಾನು ನಿಮ್ಮಪ್ಪನಿಗೆ ಒಪ್ಪಿಸುತ್ತೇನೆ. ಎಲ್ಲವನ್ನೂ ಹೇಳುತ್ತಾಳೋ, ಕೆಲವನ್ನು ಬಿಡುತ್ತಾಳೋ ಗೊತ್ತಿಲ್ಲ. ಕೇಳುವುದನ್ನು ಬಿಟ್ಟಿದ್ದೇನೆ. ಸ್ಟೇರಿಂಗಿನ ಮೇಲೆ ತಾಳ ಮತ್ತೆ ಶುರುವಾಗಿದೆ.

ಮೊನ್ನೆ ಊಟಕ್ಕೆ ಕುಳಿತಾಗ ನಿಮ್ಮಪ್ಪ ನನ್ನ ಸೆರಗಿನ ಕಡೆ ನೋಡಿದ. “ಅವ್ವಾ, ಕಾರಿನ್ಯಾಗ ಕುಂತಾಕಿಗೆ ಉದ್ದಿನ ಹಿಟ್ಟು ಎಲ್ಲಿ ಹತ್ತಿತು?” ಅಂದ. ನಾನು ಸೆರಗು ಮಡಚಿ ತೊಡೆಯ ಕೆಳಗೆ ಸೇರಿಸಿದೆ. ನಿಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವನು ಇಬ್ಬರನ್ನೂ ನೋಡಿ, “ಪಲ್ಯ ಹಾಕ” ಎಂದು ತಾಟು ಮುಂದೆ ಸರಿಸಿದ. ಮತ್ತೆ ಕೇಳಲಿಲ್ಲ. ಮರುದಿನವೂ ಕಾರು ಹೊರಗೆ ಬಿತ್ತು.

ಅವನಿಗೆ ಗೊತ್ತಿರಬಹುದು ಎಂಬ ಅನುಮಾನ ನನಗಿದೆ. ಗೊತ್ತಿದ್ದೂ ಸುಮ್ಮನಿದ್ದರೆ ಇರಲಿ. ಆದರೆ ಕಾಗದದ ಮೇಲೆ ಕಣ್ಣಾರೆ ಓದಿದರೆ ಗಂಡಸು ಕೇಳಲೇಬೇಕಾಗುತ್ತದೆ, ಕೇಳಿದರೆ ಕಾರು ನಿಲ್ಲುತ್ತದೆ. ಅದಕ್ಕೇ ಚಿನ್ನಿ, ಈ ಹಾಳೆಗಳನ್ನು ಅವನು ತೆಗೆಯುವ ಟ್ರಂಕಿನಲ್ಲಿ ಇಡಬೇಡ. ನಿನ್ನ ಹಳೇ ಪಠ್ಯಪುಸ್ತಕಗಳ ನಡುವೆ ಇಡು, ಗುಂಡ್ಯಾ ಗಾಳಿಪಟಕ್ಕೆ ಹರಿಯದಂತೆ ನೋಡಿಕೋ. ಜೋಪಾನ.