ಬೆಂಕಿಕಡ್ಡಿ ತೋರಿಸಿದ ಡಾಕ್ಟರಮ್ಮ

ಡಾಕ್ಟರಮ್ಮನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು. ಸೂಕ್ಷ್ಮದರ್ಶಕದ ಒಂಟಿ ಕೊಳವೆಗೆ ಬಲಗಣ್ಣು ಹಚ್ಚಿ, ಎಡಗಣ್ಣು ಮುಚ್ಚಿ ಮುಚ್ಚಿ, ಅದರ ಸುತ್ತ ಸುಕ್ಕು ಕೂತುಬಿಟ್ಟಿತ್ತು. ಮಾತಾಡುವಾಗಲೂ ಅದು ಅರ್ಧ ಮುಚ್ಚಿಯೇ ಇರುತ್ತಿತ್ತು. ಮೊದಲ ಸಲ ನೋಡಿದವರು, ಈಕೆ ನಮ್ಮನ್ನು ನಂಬುತ್ತಿಲ್ಲ ಅಂದುಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ.

ಅವರು ಕೇರಳದ ತೆಂಕಣ ಸೀಮೆಯವರು, ಸರ್ಕಾರಿ ದವಾಖಾನೆಗೆ ವರ್ಗವಾಗಿ ಬಂದಿದ್ದರು. ನಮ್ಮದು ಅದೇ ರಾಜ್ಯದ ಬಡಗಣ ಕಾಡಂಚಿನ ಊರು, ಚೇಕಾಡಿ. ಹಿಂದೆಂದೋ ಮೈಸೂರು ಕಡೆಯಿಂದ ಬಂದ ಮನೆತನ. ಮನೆಯೊಳಗೆ ಕನ್ನಡ, ಗದ್ದೆ ದಾಟಿದರೆ ಮಲಯಾಳ. ನಮ್ಮ ಹೆಂಗಸರ ಮಾತು ಅವರಿಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ನಾನೇ ಅವರ ನಾಲಿಗೆಯಾದೆ. ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತು ತರುತ್ತಿದ್ದರು. ಕರೆಂಟಿಲ್ಲದ ಊರು. ಅಂಗಳದಲ್ಲಿ ಬೆಳಕು ಬಿದ್ದಲ್ಲಿಗೆ ಮಣೆ ಎಳೆದು, ಅದರ ಕನ್ನಡಿ ತಿರುಗಿಸಿ ಕೂರುವರು. ಬಿಸಿಲು ಸರಿದಂತೆ ತಾವೂ ಸರಿಯುವರು. ಒಣಗಲು ಹಾಕಿದ ಹಪ್ಪಳದ ಹಾಗೆ ಎಂದು ನನ್ನ ಅತ್ತೆ ನಗುತ್ತಿದ್ದರು. ಗಂಟಲು ನೋವೆಂದು ದಿನಾ ಬರುತ್ತಿದ್ದ ಅದೇ ಅತ್ತೆಗೆ ಡಾಕ್ಟರಮ್ಮ, ಅಲ್ಲಿ ಸಿಕ್ಕಿಕೊಂಡಿರುವುದು ಸೊಸೆಯ ಮೇಲಿನ ದೂರು ಮಾತ್ರ ಎಂದು ನನ್ನ ಬಾಯಿಂದಲೇ ಹೇಳಿಸಿದ್ದರು.

ನಕ್ಸಲರ ಹೆಸರೆತ್ತಿದರೆ ಊರ ಬಾಯಿಗೆ ಬೀಗ ಬೀಳುತ್ತಿದ್ದ ಕಾಲವದು. ಜಮೀನ್ದಾರರೊಬ್ಬರ ಮನೆಯ ಮೇಲೆ ದಾಳಿಯಾಗಿ, ಪೊಲೀಸರು ಬಂದು ಕ್ಯಾಂಪ್ ಹಾಕಿದ್ದರು. ಭೂಮಿಯ ಮಾತಾಡಿದವರೆಲ್ಲ ಅವರ ಕಣ್ಣಿಗೆ ನಕ್ಸಲರೇ. ಆಗಲೇ ನನ್ನ ಪುಟ್ಟ ಮಗಳಿಗೆ ಜ್ವರ ಬಂತು. ಕುತ್ತಿಗೆ ಊದಿಕೊಂಡಿತು, ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿತು.

ಡಾಕ್ಟರಮ್ಮ ಬಂದರು. ಹತ್ತಿ ಸುತ್ತಿದ ಕಡ್ಡಿಯಿಂದ ಪೊರೆಯ ಅಂಚನ್ನು ಮುಟ್ಟಿದರೆ ರಕ್ತ ಜಿನುಗಿತು. ಅದನ್ನು ಎರಡು ಗಾಜಿಗೆ ಸವರಿ, ದೀಪಕ್ಕೆ ಹಿಡಿದು ಒಣಗಿಸಿ, ಒಂದಕ್ಕೆ ನೇರಳೆ ಬಣ್ಣ, ಇನ್ನೊಂದಕ್ಕೆ ಹಸಿರು ಹಾಕಿದರು. ಸ್ಪಿರಿಟ್ಟಿನಲ್ಲಿ ತೊಳೆದರೂ ನೇರಳೆ ಬಿಡಲಿಲ್ಲ, ಅದೊಂದು ಗುರುತಂತೆ. ಹಸಿರು ಗಾಜನ್ನು ನನಗೂ ತೋರಿಸಿದರು. ಯಾರೋ ಬೆಂಕಿಪೊಟ್ಟಣ ಚೆಲ್ಲಿದ ಹಾಗೆ ಸಣ್ಣ ಹಸಿರು ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಒಂದು ತುದಿ ಗದೆಯಂತೆ ದಪ್ಪ, ಅಲ್ಲೊಂದು ಕಪ್ಪು ಚುಕ್ಕೆ.

"ಗಂಟಲಮಾರಿ," ಎಂದರು. "ಕಡ್ಡಿ ಗಂಟಲಲ್ಲೇ ಇರ್ತದೆ. ಅದರ ವಿಷ ಹೃದಯಕ್ಕೆ ಹೋಗ್ತದೆ."

ವಿಷಕ್ಕೆ ಇದಿರು ಮದ್ದು ಮಾನಂದವಾಡಿಯಲ್ಲಿ ಸಿಗುತ್ತಿತ್ತು. ನನ್ನ ಗಂಡ ಆ ಕ್ಷಣವೇ ಹೊರಟರು. ಅವರು ಹೋದ ಮೇಲೆ ಅತ್ತೆ ಊರ ಹಿರಿಯರನ್ನು ಕರೆದರು. "ದೀನ ಬಂದದೆ. ದಾರಿ ಕಟ್ಟದೆ ಇದ್ರೆ ಊರೇ ತೀರ್‌ತದೆ." ದೀನ, ಅಂದರೆ ಅಂಟುರೋಗ, ಬಂದರೆ ಊರ ದಾರಿಗೆ ಮುಳ್ಳಿನ ಕೊಂಬೆ ಕಡಿದು ಅಡ್ಡ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ದಾಟಿದರೆ ದೇವಿಗೆ ಕೋಪ. ಡಾಕ್ಟರಮ್ಮ ಬೈದಾರು ಎಂದು ನಾನು ಹೆದರಿದ್ದೆ. ಅವರು, ಇನ್ನೂ ಎರಡು ಕೊಂಬೆ ಹಾಕಿ ಎಂದರು. ತಾವೂ ಒಳಗೇ ಉಳಿದರು.

ಮರುದಿನ ಪೊಲೀಸ್ ಜೀಪು ಬಂತು. ಕಡಿದು ಹಾಕಿದ ಕೊಂಬೆ ಕಂಡು, ಇದು ತಮ್ಮನ್ನು ತಡೆಯಲು ನಕ್ಸಲರು ಕಟ್ಟಿದ್ದೆಂದೇ ಪೊಲೀಸರು ತಿಳಿದರು. ಬಂದೂಕು ಹಿಡಿದು ಸುತ್ತ ನಿಂತರು. ಅಷ್ಟರಲ್ಲೇ ನನ್ನ ಗಂಡ ತಗಡಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿ, ಮದ್ದಿಟ್ಟುಕೊಂಡು ಓಡಿ ಬಂದರು. ಬಾಂಬಿನ ಸಾಮಾನು ಎಂದು ಪೆಟ್ಟಿಗೆ ಕಿತ್ತುಕೊಂಡು ಅವರನ್ನು ಜೀಪಿಗೆ ತಳ್ಳಿದರು. ಒಳಗೆ ಮಗಳ ಉಸಿರು ಸೀಟಿ ಹೊಡೆಯುತ್ತಿತ್ತು. ನಮ್ಮವರು ಕೊಂಬೆ ಎತ್ತುವುದಿಲ್ಲ, ಅವರು ಬಂದೂಕು ಇಳಿಸುವುದಿಲ್ಲ.

ಡಾಕ್ಟರಮ್ಮ ಸೂಕ್ಷ್ಮದರ್ಶಕ ಹೊತ್ತು ಮುಳ್ಳಿನ ಹತ್ತಿರ ಹೋದರು. ಅಲ್ಲಿದ್ದ ಮರದ ಕೊರಡಿನ ಮೇಲಿಟ್ಟು, ಆ ಹಸಿರು ಗಾಜು ಸಿಕ್ಕಿಸಿ, ಕನ್ನಡಿ ತಿರುಗಿಸಿ, ಪೊಲೀಸ್ ಸಾಹೇಬರನ್ನು ಬಗ್ಗಿ ನೋಡಲು ಕರೆದರು. ಮುಳ್ಳಿನ ಮೇಲಿಂದ ಬಗ್ಗಿ ನೋಡಿ ಆತ ಇದೇನೆಂದು ಕೇಳಿದ. ಅವರು ಮಲಯಾಳದಲ್ಲಿ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. "ಈ ಊರಲ್ಲಿ ಅಡಗಿರುವವರು ಇವರೇ. ಒಳಗೆ ಬಂದರೆ ನಿಮ್ಮ ಗಂಟಲಲ್ಲಿ ಕೂತು ಕ್ಯಾಂಪಿಗೂ ಬರುತ್ತಾರೆ. ಆ ಪೆಟ್ಟಿಗೆ ಕೊಡಿ."

ಸಾಹೇಬ ಕರವಸ್ತ್ರದಲ್ಲಿ ಮೂಗು ಬಾಯಿ ಮುಚ್ಚಿಕೊಂಡು ಹಿಂದೆ ಸರಿದ. ನಾವು ಹಲಸು ಇಳಿಸುವ ದೋಟಿಯನ್ನು ಮುಳ್ಳಿನ ಆಚೆಗೆ ಚಾಚಿದೆವು. ಒಬ್ಬ ಪೊಲೀಸಿನವ ಅದರ ಕೊಕ್ಕೆಗೆ ಪೆಟ್ಟಿಗೆ ಸಿಕ್ಕಿಸಿದ. ಯಾರೂ ದಾಟಲಿಲ್ಲ, ಮದ್ದು ದಾಟಿತು. ಜೀಪು ತಿರುಗಿತು, ನನ್ನ ಗಂಡನನ್ನು ಕೂರಿಸಿಕೊಂಡೇ.

ಮದ್ದು ಚುಚ್ಚಿದ ಮೇಲೆ ಮಗಳ ಗಂಟಲಿನ ಪೊರೆ ನಿಧಾನವಾಗಿ ಕಳಚಿತು. ಆದರೂ ಹೃದಯಕ್ಕೆ ಅಪಾಯ ಕಳೆದಿಲ್ಲ, ಮಗು ಎದ್ದು ಕೂರಲೂ ಕೂಡದು ಎಂದರು. ವಾರಗಟ್ಟಲೆ ಅವಳು ಚಾಪೆಗೆ ಅಂಟಿ, ನಾನು ಅವಳಿಗೆ ಅಂಟಿ, ಊರು ಮುಳ್ಳಿನೊಳಗೆ. ಡಾಕ್ಟರಮ್ಮ ನಮ್ಮ ಜಗುಲಿಯಲ್ಲೇ ಮಲಗಿ, ಊರವರ ಗಂಟಲನ್ನೆಲ್ಲ ನೋಡಿದರು. ಗಟ್ಟಿಮುಟ್ಟಾಗಿದ್ದವರಲ್ಲೂ ಅಂಥದೇ ಕಡ್ಡಿಗಳು ಕಂಡವು. ಇದಕ್ಕೆ ಕೆಡುಕು ಮಾಡದ ದಾಯಾದಿಗಳಿವೆಯಂತೆ. ಬೆಳೆಸಿ ಪರೀಕ್ಷಿಸದೆ ಯಾವುದು ಕೊಲ್ಲುವಂಥದೆಂದು ಹೇಳಲಾಗದಂತೆ. "ರೂಪ ನೋಡಿ ಗುಣ ಹೇಳಬಾರದು," ಎಂದು ಗಾಜು ತೊಳೆಯುತ್ತಾ ಗೊಣಗಿದರು. ನನಗೆ ಕ್ಯಾಂಪಿನಲ್ಲಿದ್ದ ಗಂಡ ನೆನಪಾದರು.

ಡಾಕ್ಟರಮ್ಮನನ್ನೇ ಕೇಳಿಬಿಟ್ಟೆ: ಪೆಟ್ಟಿಗೆ ಕೇಳಿದಿರಿ, ನನ್ನ ಗಂಡನನ್ನು ಯಾಕೆ ಕೇಳಲಿಲ್ಲ?

ಆ ಸಣ್ಣ ಕಣ್ಣು ಪೂರ್ತಿ ತೆರೆದದ್ದನ್ನು ಅವತ್ತೊಂದೇ ಸಲ ನೋಡಿದ್ದು. "ಎರಡು ಕೇಳಿದ್ದರೆ ಎರಡೂ ಸಿಗುತ್ತಿರಲಿಲ್ಲ," ಎಂದರು. ಆ ರಾತ್ರಿ ಅನ್ನ ಮುಟ್ಟಲಿಲ್ಲ.

ಪೊಲೀಸರು ಗಂಡನನ್ನು ಬಿಟ್ಟಾಗ ಅವರ ಅಂಗಾಲು ಹೊಡೆತಕ್ಕೆ ಒಡೆದಿತ್ತು. ಮತ್ತೆಂದೂ ಕೋಲಿಲ್ಲದೆ ನಡೆಯಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮನಿಗೆ ದೂರದ ಊರಿಗೆ ವರ್ಗವಾಗಿತ್ತು. ನಾನು ಡಾಕ್ಟರಮ್ಮನ ಮೇಲಿದ್ದ ಸಿಟ್ಟನ್ನೆಲ್ಲ ಗಂಡನ ಮುಂದೆ ಸುರಿದೆ. ಅವರು ಅಂಗಳದಲ್ಲಿ ಓಡುತ್ತಿದ್ದ ಮಗಳನ್ನೇ ನೋಡುತ್ತಾ ಹೇಳಿದರು: "ನನ್ನ ಕೇಳ್ತಾರೇನೋ ಅಂತ ಜೀಪಲ್ಲಿ ಕೂತು ಹೆದರ್‌ತಿದ್ದೆ. ಪೆಟ್ಟಿಗೆ ಮಾತ್ರ ಕೇಳಲಿ ಅಂತ ಬೇಡ್‌ಕೊಂಡೆ."

ಈ ಮಾತನ್ನು ಡಾಕ್ಟರಮ್ಮನಿಗೆ ತಲುಪಿಸಬೇಕೆಂದು ಎಷ್ಟೋ ವರ್ಷ ಅಂದುಕೊಂಡೆವು. ಅದಕ್ಕೆ ಮೊದಲೇ ಅವರು ತೀರಿಹೋದ ಸುದ್ದಿ ಬಂತು. ಅಂದು ಬೆಳಿಗ್ಗೆ ಗಂಡ ಕೋಲೂರಿಕೊಂಡು ಹೋಗಿ, ಊರ ದಾರಿಗೆ ಒಂದು ಮುಳ್ಳಿನ ಕೊಂಬೆ ಅಡ್ಡ ಇಟ್ಟು ಬಂದರು. ಯಾರಿಗೆ ದೀನ ಎಂದು ಊರವರು ಕೇಳಿದರು. ದೀನವಲ್ಲ, ಡಾಕ್ಟರಮ್ಮ ಹೋದರು ಎಂದೆವು. ಸಂಜೆಯವರೆಗೆ ಅದನ್ನು ಯಾರೂ ದಾಟಲಿಲ್ಲ.