ದೂರಕ್ಕೆ ಮಾತ್ರ ಕೇಳಿಸುವ ಭಾವ

ನಮ್ಮ ಭಾವನ ಕಸುಬು ಸುಟ್ಟುಹೋದ ಫ್ಯಾನುಗಳಿಗೆ ತಂತಿ ಸುತ್ತೋದು. ಹುಚ್ಚು ಮಾತ್ರ ಹ್ಯಾಮ್ ರೇಡಿಯೋದ್ದು. ಮಾಳಿಗೆ ಮೇಲೆ ಐದಾಳುದ್ದದ ಕಂಬ ನೆಟ್ಟು, ಅದರ ತುದಿಗೆ ತಂತಿ ಎಳೆದು, ಕಡಲಾಚೆಯವರ ಹತ್ತಿರ ಹರಟೆ ಹೊಡೀತಾರೆ. ಎದುರುಮನೆಯವರ ಹೆಸರು ಕೇಳಿದ್ರೆ ತಲೆ ಕೆರ್ಕೋತಾರೆ. "ಅಡಿಗೆಮನೆಯಿಂದ ಕೂಗಿದ್ರೆ ಮಾತ್ರ ಈ ಮಹಾನುಭಾವ್ರಿಗೆ ಕೇಳ್ಸಲ್ಲ" ಅಂತ ನಮ್ಮಕ್ಕ ಮದುವೆಯಾದಾಗಿನಿಂದ ಗೊಣಗ್ತಾನೇ ಇದಾಳೆ.

ಹೋದ ವರ್ಷ ಬಿರುಗಾಳಿ ಬೀಸಿ ಕರೆಂಟೂ ಹೋಯ್ತು, ಫೋನೂ ಸತ್ತಿತು. ಅರವತ್ತು ಮೈಲಿ ಆಚೆ, ಕಡಲ ಪಕ್ಕದ ಬೀದೀಲಿ, ಅವರ ಒಬ್ಬಳೇ ಮಗಳಿದ್ದಳು. ಅಲ್ಲಿ ನೀರು ನುಗ್ಗಿದೆ ಅಂತ ಸುದ್ದಿ, ದಾರೀಲಿ ಸೇತುವೆ ಬೇರೆ ಕುಸಿದಿತ್ತು. ಆ ಊರಲ್ಲಿ ರೇಡಿಯೋ ಇದ್ದದ್ದು ಒಬ್ಬ ಕಾಂಪೌಂಡರ್ ಹತ್ತಿರ ಮಾತ್ರ.

ಭಾವ ಕಾರಿನ ಬ್ಯಾಟರಿ ಕಿತ್ತು ತಂದು ಜೋಡಿಸಿ ಕೂಗಿದ್ದೇ ಕೂಗಿದ್ದು. ಓಗೊಟ್ಟವನು ಯಾವುದೋ ದ್ವೀಪದ ಹಲ್ಲಿನ ಡಾಕ್ಟರು.

"ಅಲ್ಲಿ ಬಿಸಿಲು ಚೆನ್ನಾಗಿದೆಯಂತೆ" ಅಂದರು ಭಾವ.

"ಅವನ ಬಿಸಿಲಿಗೆ ಬೆಂಕಿ ಹಾಕ! ನನ್ನ ಮಗಳೆಲ್ರೀ?"

"ರೇಡಿಯೋ ಅಲೆ ಮೇಲಕ್ಕೆ ಹೋಗಿ, ಆಕಾಶದ ಪದರಕ್ಕೆ ಬಡಿದು, ದೂರ ಹೋಗಿ ಬೀಳುತ್ತೆ ಕಣೆ. ನಡುವೆ ಇರೋರ ತಲೆ ಮೇಲಿಂದ ಹಾರಿಹೋಗುತ್ತೆ."

"ಹತ್ತಿರ ಬೀಳೋಕೆ ಏನು ಮಾಡ್ಬೇಕು?"

ಭಾವ ಕಂಬದ ಕಡೆ ನೋಡಿದರು. "ತಂತಿ ಇಳಿಸ್ಬೇಕು. ಆಗ ನೆಟ್ಟಗೆ ಮೇಲೆ ಹೋಗಿ ನಮ್ಮ ಸುತ್ತಮುತ್ತಾನೇ ಬೀಳುತ್ತೆ."

ಇಪ್ಪತ್ತು ವರ್ಷ ಪೈಪಿಗೆ ಪೈಪು ಸೇರಿಸಿ ಏರಿಸಿದ್ದ ಕಂಬ ಅದು. ಅಕ್ಕ ಬಾಯಿ ಬಿಡೋ ಮೊದಲೇ ಭಾವ ಗರಗಸ ತಗೊಂಡು ಮೇಲೆ ಹತ್ತಿದರು. ಕಂಬ ಕೊಯ್ದು ಕೆಡವಿ, ತಂತೀನ ತಲೆಮಟ್ಟಕ್ಕೆ ಕಟ್ಟಿ, ಗುಂಡಿ ತಿರುಗಿಸಿ ಕೂಗಿದರೆ, ಕಾಂಪೌಂಡರ್ ಗಂಟಲು ಗೊರಗೊರ ಅಂತ ಬಂದೇಬಿಡ್ತು!

ನಾವು ರೇಡಿಯೋ ಸುತ್ತ ಮುತ್ತಿಕೊಂಡೆವು. ಈ ಪುಣ್ಯಾತ್ಮ ಕೇಳಿದ್ದೇನು ಗೊತ್ತಾ? "ನನ್ನ ಸಿಗ್ನಲ್ ಹೇಗೆ ಬರ್ತಿದೆ?" ಆಮೇಲೆ ತಂತಿ ಎಷ್ಟುದ್ದ, ಸೆಟ್ಟು ಯಾವುದು, ಹವಾ ಹೇಗಿದೆ. ದಿನಾ ಎಲ್ಲರ ಹತ್ತಿರ ಒಪ್ಪಿಸೋ ಬಾಯಿಪಾಠ! ಕೊನೆಗೆ "ತುಂಬ ಸಂತೋಷ, ನಮಸ್ಕಾರ" ಅಂತ ಮುಗಿಸಿ, ಯಾರ ಹತ್ತಿರ ಯಾವಾಗ ಮಾತಾಡಿದೆ ಅಂತ ಪುಸ್ತಕದಲ್ಲಿ ಬರೆಯೋಕೆ ಪೆನ್ನೂ ತೆಗೆದರು.

ಅಕ್ಕ ಕಿಟಾರನೆ ಕಿರುಚಿದಳು. ಭಾವನ ಮುಖ ಬಿಳಿಚಿಕೊಂಡಿತು. ಮತ್ತೆ ಮೈಕಿನ ಗುಂಡಿ ಒತ್ತಿದರು; ಅದನ್ನ ಒತ್ತಿದ್ದಷ್ಟು ಹೊತ್ತು ಇಲ್ಲಿನ ಸದ್ದು ಆ ಕಡೆ ಕೇಳಿಸುತ್ತೆ. "ಅಯ್ಯೋ, ಹೋಗ್ಬೇಡಿ ಸ್ವಾಮಿ! ನನ್ನ ಮಗಳು..."

ಆ ಕಡೆಯಿಂದ ಬಂದದ್ದು ಹೆಣ್ಣುದನಿ. "ಅಪ್ಪಾ, ನಿನ್ನೆಯಿಂದ ಈ ಕಾಂಪೌಂಡರ್ ಮನೇಲೇ ಕೂತಿದೀನಿ. ಸೊಂಟದುದ್ದ ನೀರಲ್ಲಿ ನಡ್ಕೊಂಡು ಬಂದೆ, ನೀವು ಹುಡುಕಿದ್ರೆ ಇಲ್ಲೇ ಹುಡುಕ್ತೀರಿ ಅಂತ. ಅಪ್ಪ ಮೊದಲು ಸಿಗ್ನಲ್ ವಿಚಾರ ಮುಗಿಸ್ಲಿ, ಆಮೇಲೆ ಮಾತಾಡ್ತೀನಿ ಅಂತ ಇವರಿಗೂ ಹೇಳಿಟ್ಟಿದ್ದೆ."

ಭಾವ ಉತ್ತರ ಕೊಡೋಕೆ ಮತ್ತೆ ಗುಂಡಿ ಒತ್ತಿದರು. ಮಗು ಥರ ಬಿಕ್ಕಿಬಿಕ್ಕಿ ಅತ್ತರು. ಗುಂಡಿ ಒತ್ತಿದ್ದ ಕೈ ತೆಗೆಯೋದನ್ನೂ ಮರೆತಿದ್ದರು. ಆ ಅಳು ಅಷ್ಟೂ ಅವಳಿಗೆ ಕೇಳಿಸಿತು.